ಮುಳುಗಡೆ ಕಂಡ ಅಪ್ಪ, ಶುಗರ್ ಬಂದ ಮಗ: ಸಂಬಂಧ ಇದೆಯಾ?

ಹೊಳೆಬಾಗಿಲಿನವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನನಗೆ ನಲವತ್ತು ದಾಟಿದೆ. ಹೋದ ಮಳೆಗಾಲದಲ್ಲಿ ಕಾಲಿನ ಗಾಯ ಒಣಗಲೇ ಇಲ್ಲ ಅಂತ ಶಿವಮೊಗ್ಗದಲ್ಲಿ ತೋರಿಸಿದೆ. ರಕ್ತ ಪರೀಕ್ಷೆ ಮಾಡಿದರೆ ಶುಗರ್. ಡಾಕ್ಟರು ಮೊದಲು ಕೇಳಿದ್ದೇ "ಮನೆಯಲ್ಲಿ ಯಾರಿಗಿದೆ?" ಅಂತ. ಯಾರಿಗೂ ಇಲ್ಲ. ಅಮ್ಮನ ಕಡೆ ಇಲ್ಲ, ಅಜ್ಜ ಅಜ್ಜಿಗೂ ಇದ್ದಂತೆ ಕೇಳಿಲ್ಲ. ಅಪ್ಪನಿಗೆ ಎಪ್ಪತ್ತಾದರೂ ಸಪೂರ ಮೈ. ಈಗಲೂ ಬೆಟ್ಟದಿಂದ ದರಗು ಹೊತ್ತು ತರುತ್ತಾರೆ.

ಅಪ್ಪನ ಕಥೆ ಬೇರೆ ಇದೆ. ನಮ್ಮದು ಶರಾವತಿ ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತಲ್ಲ, ಆಗ ಅಪ್ಪನಿಗೆ ಹತ್ತೋ ಹನ್ನೊಂದೋ. ಗದ್ದೆ, ತೋಟ, ಕೊಟ್ಟಿಗೆ ಎಲ್ಲ ನೀರಿಗೆ ಹೋಯಿತು. ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿದರಂತೆ. ಮೊದಲ ಕೆಲವು ವರ್ಷ ಹೊಟ್ಟೆಗೆ ಸರಿಯಾಗಿ ಇರಲಿಲ್ಲ. ಕೆಸುವಿನ ಸೊಪ್ಪು, ಕಾಡುಗೆಣಸು, ಮಳೆಗಾಲಕ್ಕೆ ಕಳಲೆ. ಅನ್ನ ಅಂದರೆ ಹಬ್ಬದ ದಿನ ಮಾತ್ರ.

ಸ್ವೀಡನ್ನಿನ ಯಾವುದೋ ಹಳ್ಳಿಯಲ್ಲಿ ಹುಡುಗರು ಆ ವಯಸ್ಸಿನಲ್ಲಿ ಉಂಡಿದ್ದು, ಉಪವಾಸ ಬಿದ್ದಿದ್ದು ಅವರ ಮಕ್ಕಳು ಮೊಮ್ಮಕ್ಕಳ ಆರೋಗ್ಯದಲ್ಲಿ ಕಾಣಿಸಿತು ಅಂತ ಎಲ್ಲೋ ಓದಿದೆ. ಅಂದಿನಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ಅಪ್ಪ ಅನುಭವಿಸಿದ್ದು ಮಗನ ಮೈಗೆ ಇಳಿಯುತ್ತದಾ? ಹೆಂಡತಿ ಮಾತ್ರ "ಸುಮ್ನೆ ಅನ್ನ ಕಡಿಮೆ ಮಾಡಿ" ಅನ್ನುತ್ತಾಳೆ.

ತೋಟದಮನೆ

ನಿಮ್ಮ ಮನೆಯವರು ಸರಿಯಾಗೇ ಹೇಳಿದ್ದಾರೆ ಮಾರಾಯ್ರೇ! ಬೆಳಿಗ್ಗೆ ಕಡುಬು, ಮಧ್ಯಾಹ್ನ ಎರಡು ಸಲ ಅನ್ನ, ಸಂಜೆ ಬೆಲ್ಲದ ಕಾಫಿ, ಇಡೀ ದಿನ ಬೈಕಿನ ಮೇಲೆ. ಅದಕ್ಕೆ ಸ್ವೀಡನ್ ತನಕ ಹೋಗಬೇಕಾ?

ಲ್ಯಾಬಿನ ಇಲಿ

ಶಂಕರಘಟ್ಟದಲ್ಲಿ ಓದಿ ಈಗ ಬೆಂಗಳೂರಿನ ಲ್ಯಾಬೊಂದರಲ್ಲಿ ಇದ್ದೇನೆ. ಇದು ನನಗೆ ಇಷ್ಟದ ವಿಷಯ, ಹಾಗಾಗಿ ಜಾಸ್ತಿ ಮಾತಾಡಿದರೆ ಬೈಯಬೇಡಿ.

ಅಣ್ಣ ಓದಿದ್ದು ಓವರ್‌ಕಾಲಿಕ್ಸ್ ಬಗ್ಗೆ. ಉತ್ತರ ಸ್ವೀಡನ್ನಿನ ಒಂದು ಮೂಲೆಯ ಊರು. 1890, 1905, 1920ರಲ್ಲಿ ಅಲ್ಲಿ ಹುಟ್ಟಿದ ಮುನ್ನೂರು ಚಿಲ್ಲರೆ ಜನರನ್ನು ಲಾರ್ಸ್ ಓಲೋವ್ ಬಿಗ್ರೆನ್ ಮತ್ತು ಜೊತೆಗಾರರು ಆರಿಸಿಕೊಂಡರು. ಅವರ ಅಪ್ಪ, ಅಜ್ಜ ಚಿಕ್ಕವರಿದ್ದಾಗ ಯಾವ ವರ್ಷ ಬೆಳೆ ಬಂತು, ಯಾವ ವರ್ಷ ಕೈಕೊಟ್ಟಿತು ಅನ್ನುವ ಹಳೆಯ ದಾಖಲೆ ಹುಡುಕಿ ತೆಗೆದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಹುಡುಗರಲ್ಲಿ ಸುಮಾರು 9ರಿಂದ 12 ವರ್ಷ, ಅಂದರೆ ಮೀಸೆ ಚಿಗುರುವ ಮುಂಚಿನ, ಬೆಳವಣಿಗೆ ಸ್ವಲ್ಪ ನಿಧಾನ ಆಗುವ ಹೊತ್ತಿನ ಊಟಕ್ಕೆ ಸಂಬಂಧ ಕಂಡಿತು. ನಿಮ್ಮ ಅಪ್ಪನ ವಯಸ್ಸು ಅದಕ್ಕೆ ಸರಿಯಾಗಿ ಹೊಂದುತ್ತದೆ, ನಿಜ.

ಆದರೆ ಒಂದು ವಿಷಯ ಯಾರೂ ಗಮನಿಸುವುದಿಲ್ಲ. 2002ರಲ್ಲಿ ಬಂದ ಆ ವರದಿಯಲ್ಲಿ ಫಲಿತಾಂಶ ನೀವು ಅಂದುಕೊಂಡಿದ್ದರ ಉಲ್ಟಾ ಇದೆ. ಆ ವಯಸ್ಸಿನಲ್ಲಿ ಅಪ್ಪನಿಗೆ ಊಟದ ಕೊರತೆ ಇದ್ದರೆ ಮಕ್ಕಳಿಗೆ ಹೃದಯದ ಕಾಯಿಲೆಯ ಸಾವು *ಕಡಿಮೆ*. ಅಪ್ಪನ ಅಪ್ಪ ಆ ವಯಸ್ಸಿನಲ್ಲಿ ಹೊಟ್ಟೆ ಬಿರಿಯೆ ಉಂಡಿದ್ದರೆ ಮೊಮ್ಮಕ್ಕಳಿಗೆ ಸಕ್ಕರೆ ಕಾಯಿಲೆಯ ಸಾವು ಜಾಸ್ತಿ. ಆ ಲೆಕ್ಕದಲ್ಲಿ ನಿಮ್ಮ ಅಪ್ಪನ ಉಪವಾಸ ನಿಮಗೆ ಒಳ್ಳೆಯದನ್ನೇ ಮಾಡಬೇಕಿತ್ತು.

ಹೊಳೆಬಾಗಿಲಿನವ

ಇದು ಗೊತ್ತಿರಲಿಲ್ಲ. ಹಾಗಾದರೆ ಮುಳುಗುವ ಮೊದಲು ತೋಟದ ಮನೆಯಲ್ಲಿ ಚೆನ್ನಾಗಿ ಉಂಡ ಅಜ್ಜನದು ತಪ್ಪಾ? 😅

ಸಂಶಯಪ್ಪ

ಯಾರದ್ದೂ ತಪ್ಪಲ್ಲ. ಮುನ್ನೂರು ಜನರ ಮೇಲೆ ಅಪ್ಪ, ಅಮ್ಮ, ನಾಲ್ಕು ಅಜ್ಜ ಅಜ್ಜಿ, ಬೇರೆ ಬೇರೆ ವಯಸ್ಸು, ಬೇರೆ ಬೇರೆ ಕಾಯಿಲೆ ಅಂತ ಹತ್ತಾರು ರೀತಿ ಕೂಡಿಸಿ ಕಳೆದರೆ ಎಲ್ಲೋ ಒಂದು ಕಡೆ ಏನೋ ಸಿಕ್ಕೇ ಸಿಗುತ್ತದೆ. ಅದಕ್ಕೆ ಕಥೆ ಕಟ್ಟುವುದು ಸುಲಭ. ನಾನು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು, ಈ ಚಟ ಚೆನ್ನಾಗಿ ಗೊತ್ತು.

1880ರ ದಶಕದಲ್ಲಿ ಜರ್ಮನಿಯ ಆಗಸ್ಟ್ ವೈಸ್ಮನ್ ತಲೆಮಾರು ತಲೆಮಾರು ಇಲಿಗಳ ಬಾಲ ಕತ್ತರಿಸಿದ. ಬಾಲ ಇಲ್ಲದ ಮರಿ ಒಂದೂ ಹುಟ್ಟಲಿಲ್ಲ. ಜೀವನದಲ್ಲಿ ಮೈಗೆ ಆದದ್ದು ಬೀಜಕ್ಕೆ ಹೋಗುವುದಿಲ್ಲ ಅಂತ ಆಗಲೇ ತೀರ್ಮಾನ ಆಯಿತಲ್ವಾ?

ಲ್ಯಾಬಿನ ಇಲಿ

ಸರ್, ಬಾಲದ ವಿಷಯದಲ್ಲಿ ಆಯಿತು. ಬಾಲ ಹೋದರೆ ವೃಷಣಕ್ಕೆ ಯಾವ ಸುದ್ದಿಯೂ ಮುಟ್ಟುವುದಿಲ್ಲ. ಹಸಿವು, ಬೊಜ್ಜು, ಭಯ, ಹೊಗೆ ಹಾಗಲ್ಲ. ಅವು ಹಾರ್ಮೋನು, ಸಕ್ಕರೆ, ಕೊಬ್ಬಿನ ರೂಪದಲ್ಲಿ ರಕ್ತದಲ್ಲೇ ಓಡಾಡುತ್ತವೆ.

ಸ್ವೀಡನ್ ಲೆಕ್ಕ ಚಿಕ್ಕದು ಅನ್ನುವುದನ್ನು ಒಪ್ಪುತ್ತೇನೆ. ಅದಕ್ಕೇ 2018ರಲ್ಲಿ ಡೆನ್ನಿ ವೋಗೆರೋ ತಂಡ ಉಪ್ಸಾಲಾದ ದಾಖಲೆಗಳಲ್ಲಿ 11,000ಕ್ಕೂ ಜಾಸ್ತಿ ಮೊಮ್ಮಕ್ಕಳನ್ನು ಇಟ್ಟುಕೊಂಡು ಮತ್ತೆ ನೋಡಿತು. ಅಪ್ಪನ ಅಪ್ಪ ಆ ವಯಸ್ಸಿನಲ್ಲಿ ಚೆನ್ನಾಗಿ ಉಂಡಿದ್ದರೆ ಗಂಡು ಮೊಮ್ಮಕ್ಕಳ ಒಟ್ಟು ಸಾವಿನ ಪ್ರಮಾಣ ಜಾಸ್ತಿ ಅನ್ನುವುದು ಮತ್ತೆ ಸಿಕ್ಕಿತು. ಅದರಲ್ಲಿ ಕ್ಯಾನ್ಸರಿನ ಪಾಲು ದೊಡ್ಡದು. ಸಕ್ಕರೆ ಕಾಯಿಲೆ, ಹೃದಯದ ಮಾತು ಮಾತ್ರ ಸಿಗಲಿಲ್ಲ. ಅರ್ಧ ನಿಂತಿತು, ಅರ್ಧ ಬಿತ್ತು.

ಇನ್ನೊಂದು ಕಡೆ ಲೆಕ್ಕ ತಿರುಗಿಯೂ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಸೆರೆ ಸಿಕ್ಕು ಅನ್ನ ನೀರಿಲ್ಲದೆ ಬಳಲಿದ ಸೈನಿಕರ ಮಕ್ಕಳನ್ನು ಡೋರಾ ಕೋಸ್ಟಾ ತಂಡ ನೋಡಿತು, ಅದೂ 2018ರಲ್ಲೇ. ಸೆರೆಮನೆ ತೀರಾ ಕೆಟ್ಟದಿದ್ದ ಕಾಲದಲ್ಲಿ ಒಳಗಿದ್ದವರಿಗೆ ಯುದ್ಧದ *ನಂತರ* ಹುಟ್ಟಿದ ಗಂಡುಮಕ್ಕಳು ಬೇರೆಯವರ ಮಕ್ಕಳಿಗಿಂತ ಬೇಗ ಸಾಯುವ ಸಂಭವ ಸುಮಾರು 11% ಜಾಸ್ತಿ. ಹೆಣ್ಣುಮಕ್ಕಳಲ್ಲಿ ಏನೂ ಕಾಣಲಿಲ್ಲ. ಗರ್ಭಿಣಿ ತಾಯಿಗೆ ಚೆನ್ನಾಗಿ ಊಟ ಸಿಗುವ ಕಾಲದಲ್ಲಿ ಹುಟ್ಟಿದವರಲ್ಲಿ ಅಪ್ಪನ ಪರಿಣಾಮ ಅಳಿಸಿಹೋಗಿತ್ತು. ನನಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಹಿಡಿಸಿದ್ದು ಈ ಕೊನೆಯ ಮಾತು.

ಸಂಶಯಪ್ಪ

ಮನುಷ್ಯರಲ್ಲಿ ಬೀಜ ಯಾವುದು, ಮನೆಯ ವಾತಾವರಣ ಯಾವುದು ಅಂತ ಬಿಡಿಸುವುದು ಹೇಗೆ? ಸೆರೆಯಿಂದ ಬಂದ ಅಪ್ಪ ಕುಡಿಯುತ್ತಿದ್ದಿರಬಹುದು, ಹೊಡೆಯುತ್ತಿದ್ದಿರಬಹುದು, ದುಡಿಯದೆ ಕೂತಿರಬಹುದು. ಮುಳುಗಡೆ ಆದ ಮನೆಗೂ ಇದೇ ಮಾತು. ಭೂಮಿ ಹೋಯಿತು, ಕಾಗದಪತ್ರ ಇಲ್ಲ, ಮಕ್ಕಳ ಓದು ಅರ್ಧಕ್ಕೆ ನಿಂತಿತು. ಕಷ್ಟ ಮುಂದಿನ ತಲೆಮಾರಿಗೆ ಹೋಗಲು ವೀರ್ಯಾಣುವೇ ಬೇಕಾಗಿಲ್ಲ.

ಹೊಳೆಬಾಗಿಲಿನವ

ಅದು ಮಾತ್ರ ನೂರಕ್ಕೆ ನೂರು ನಿಜ ಸರ್. ಜಾಗದ ಪತ್ರಕ್ಕೆ ಅಪ್ಪ ಅಲೆದಿದ್ದು ನೋಡುತ್ತಲೇ ಬೆಳೆದವನು ನಾನು.

ಲ್ಯಾಬಿನ ಇಲಿ

ಸಂಶಯಪ್ಪ ಸರ್ ಪ್ರಶ್ನೆಗೆ ಉತ್ತರ ಇಲಿಗಳಲ್ಲಿ ಇದೆ. ಇಲಿಯಲ್ಲಿ ಗಂಡಿನ ಕೆಲಸ ಮುಗಿದ ಕೂಡಲೇ ಅದನ್ನು ಎತ್ತಿ ಬೇರೆ ಗೂಡಿಗೆ ಹಾಕಬಹುದು. ಮರಿಗಳು ಅಪ್ಪನ ಮುಖವನ್ನೇ ನೋಡುವುದಿಲ್ಲ. ಕುಡಿದು ಬರುವ ಅಪ್ಪ ಇಲ್ಲ, ಜಾಗದ ಪತ್ರವೂ ಇಲ್ಲ.

2010ರಲ್ಲಿ ಎರಡು ಕೆಲಸ ಬಂದವು. ಸಿಡ್ನಿಯ ಮಾರ್ಗರೆಟ್ ಮಾರಿಸ್ ತಂಡ ಗಂಡು ಹೆಗ್ಗಣಗಳಿಗೆ ಕೊಬ್ಬಿನ ಆಹಾರ ಕೊಟ್ಟು ಬೊಜ್ಜು ಬರಿಸಿತು. ಅವುಗಳ ಹೆಣ್ಣು ಮರಿಗಳಲ್ಲಿ ಇನ್ಸುಲಿನ್ ಸುರಿಸುವ ಜೀವಕೋಶಗಳೇ ಸರಿಯಾಗಿ ಕೆಲಸ ಮಾಡಲಿಲ್ಲ. ಅಮೆರಿಕದಲ್ಲಿ ಆಲಿವರ್ ರಾಂಡೋ ತಂಡ ಗಂಡು ಇಲಿಗಳಿಗೆ ಪ್ರೋಟೀನ್ ಕಡಿಮೆ ಮಾಡಿತು. ಮರಿಗಳ ಲಿವರಿನಲ್ಲಿ ಕೊಲೆಸ್ಟರಾಲ್ ತಯಾರಿಸುವ ಜೀನುಗಳ ಕೆಲಸವೇ ಬದಲಾಗಿತ್ತು.

ಭಯದ ವಿಷಯಕ್ಕೆ ಅಟ್ಲಾಂಟಾದ ಬ್ರಯನ್ ಡಯಾಸ್ ಮತ್ತು ಕೆರಿ ರೆಸ್ಲರ್ ಪ್ರಯೋಗ ಹೆಸರುವಾಸಿ. ಅಸಿಟೋಫೀನೋನ್ ಅನ್ನುವ ಹೂವಿನಂಥ ವಾಸನೆ ಬಿಟ್ಟಾಗಲೆಲ್ಲ ಗಂಡು ಇಲಿಯ ಕಾಲಿಗೆ ಸಣ್ಣ ಶಾಕ್ ಕೊಟ್ಟರು. ಆ ವಾಸನೆಯನ್ನೇ ಕಂಡಿರದ ಮಕ್ಕಳು, ಮೊಮ್ಮಕ್ಕಳು ಅದಕ್ಕೆ ಬೆಚ್ಚಿ ಬಿದ್ದವು. ಪ್ರಯೋಗಾಲಯದಲ್ಲೇ ವೀರ್ಯ ಅಂಡ ಕೂಡಿಸಿ ಹುಟ್ಟಿಸಿದ ಮರಿಗಳ ಮೂಗು, ಮಿದುಳಿನಲ್ಲೂ ಬದಲಾವಣೆ ಕಂಡಿತು.

ಇನ್ನು ಜ್ಯೂರಿಕ್ಕಿನ ಇಸಾಬೆಲ್ ಮನ್ಸೂಯಿ ತಂಡದ್ದು, 2014. ಹಾಲು ಕುಡಿಯುವ ಮರಿಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ತಾಯಿಯಿಂದ ಬೇರೆ ಮಾಡಿದರು. ದೊಡ್ಡವಾದ ಗಂಡುಗಳ ವೀರ್ಯಾಣುವಿನಿಂದ ಬರೀ ಆರ್‌ಎನ್‌ಎ (ಡಿಎನ್‌ಎಯಂಥದೇ ಇನ್ನೊಂದು ಅಣು, ಜೀನಿನ ಸುದ್ದಿ ಸಾಗಿಸುವಂಥದ್ದು) ತೆಗೆದು, ಬೇರೆ ಯಾವುದೋ ಆರೋಗ್ಯವಂತ ಜೋಡಿಯ ಕೂಡಿದ ಅಂಡಕ್ಕೆ ಚುಚ್ಚಿದರು. ಹುಟ್ಟಿದ ಮರಿಗಳ ನಡವಳಿಕೆ, ಸಕ್ಕರೆ ಅರಗಿಸುವ ರೀತಿ ಎರಡೂ ಕಷ್ಟ ಪಟ್ಟ ಅಪ್ಪನ ಮರಿಗಳ ಹಾಗೆ ಬದಲಾದವು. ಇಲ್ಲಿ ವಾತಾವರಣದ ನೆಪ ಹೇಳುವುದು ಕಷ್ಟ ಸರ್.

ಸಂಶಯಪ್ಪ

ವಾಸನೆಯ ಪ್ರಯೋಗದ ಬಗ್ಗೆ 2014ರಲ್ಲೇ ಗ್ರೆಗರಿ ಫ್ರಾನ್ಸಿಸ್ ಅನ್ನುವವರು ಬರೆದಿದ್ದನ್ನೂ ಹೇಳಿ. ಅಷ್ಟು ಚಿಕ್ಕ ಗುಂಪುಗಳಲ್ಲಿ ಅಷ್ಟೂ ಪರೀಕ್ಷೆ ಒಂದೇ ಕಡೆ ಗೆಲ್ಲುವುದು ಲೆಕ್ಕಕ್ಕೆ ಮೀರಿದ ಅದೃಷ್ಟ ಅಂತ. ಆರ್‌ಎನ್‌ಎ ಚುಚ್ಚಿದ ಪ್ರಯೋಗಕ್ಕೆ ಮಾತ್ರ ನನ್ನ ಹತ್ತಿರ ಸದ್ಯ ಉತ್ತರ ಇಲ್ಲ.

ಕೆಂಪಕ್ಕಿ

ನೀವಿಬ್ಬರೂ ಸ್ವಲ್ಪ ಕೆಳಗಿಳಿದು ಬನ್ನಿ. ವೀರ್ಯಾಣು ಅಂದರೆ ಡಿಎನ್‌ಎ ಮತ್ತು ಬಾಲ ಅಂತ ಪಿಯುಸಿಯಲ್ಲಿ ಓದಿದ್ದು. ಈ ಆರ್‌ಎನ್‌ಎ ಅಲ್ಲಿ ಎಲ್ಲಿಂದ ಬಂತು?

ಲ್ಯಾಬಿನ ಇಲಿ

ಒಳ್ಳೆ ಪ್ರಶ್ನೆ ಅಕ್ಕ. ಬೇರೆ ಜೀವಕೋಶಗಳಲ್ಲಿ ಡಿಎನ್‌ಎ ಹಿಸ್ಟೋನ್ ಅನ್ನುವ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ವೀರ್ಯಾಣು ತಯಾರಾಗುವಾಗ ಅದನ್ನು ಬಹುಪಾಲು ತೆಗೆದು ಪ್ರೋಟಮೀನ್ ಹಾಕಿ ಬಿಗಿಯಾಗಿ ಒತ್ತಲಾಗುತ್ತದೆ. ಅಲ್ಲಲ್ಲಿ ಸ್ವಲ್ಪ ಹಿಸ್ಟೋನ್ ಉಳಿದುಕೊಳ್ಳುತ್ತದೆ. ಡಿಎನ್‌ಎ ಮೇಲೆ ಮಿಥೈಲ್ ಗುರುತುಗಳೂ ಇರುತ್ತವೆ. ಯಾವ ಜೀನು ಓದಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೆ ಈ ಗುರುತುಗಳು. ಇಂಥವನ್ನೇ ಎಪಿಜೆನೆಟಿಕ್ ಗುರುತು ಅನ್ನುವುದು.

ತೊಂದರೆ ಏನೆಂದರೆ ಅಂಡದ ಒಳಗೆ ಹೋದ ಮೇಲೆ ಅಪ್ಪನ ಕಡೆಯ ಮಿಥೈಲ್ ಗುರುತುಗಳಲ್ಲಿ ಹೆಚ್ಚಿನವನ್ನು ಅಂಡವೇ ಅಳಿಸಿ ಹಾಕುತ್ತದೆ. ಕೆಲವು ಕಡೆ ಮಾತ್ರ ಉಳಿಯುತ್ತವೆ. ಹಾಗಾಗಿ ಈಗ ಎಲ್ಲರ ಕಣ್ಣು ಸಣ್ಣ ಆರ್‌ಎನ್‌ಎಗಳ ಮೇಲೆ. ವೃಷಣದಿಂದ ಹೊರಟ ವೀರ್ಯಾಣು ಎಪಿಡಿಡಿಮಿಸ್ ಅನ್ನುವ ಸುರುಳಿ ಕೊಳವೆಯಲ್ಲಿ ಹಲವು ದಿನ ಪಳಗುತ್ತದೆ. ಆ ಕೊಳವೆಯ ಗೋಡೆ ಪುಟ್ಟ ಗುಳ್ಳೆಗಳಲ್ಲಿ ಆರ್‌ಎನ್‌ಎ ತುಂಬಿ ಅದಕ್ಕೆ ಕೊಡುತ್ತದೆ. 2016ರಲ್ಲಿ ಎರಡು ತಂಡಗಳು ಇದನ್ನೇ ತೋರಿಸಿದವು: ಅಪ್ಪನ ಆಹಾರ ಬದಲಾದರೆ ವೀರ್ಯಾಣುವಿನಲ್ಲಿರುವ ಟಿಆರ್‌ಎನ್‌ಎ (ಪ್ರೋಟೀನ್ ಕಟ್ಟಲು ನೆರವಾಗುವ ಒಂದು ಬಗೆಯ ಆರ್‌ಎನ್‌ಎ) ಚೂರುಗಳೂ ಬದಲಾಗುತ್ತವೆ.

ಅಪ್ಪನ ಮೈಗೆ ಈಚೆಗೆ ಏನಾಯಿತು ಅನ್ನುವ ಸುದ್ದಿ ಕೊನೇ ಗಳಿಗೆಯಲ್ಲೂ ಸೇರಬಹುದು ಅಂತಾಯಿತು. ಹನ್ನೊಂದನೇ ವಯಸ್ಸಿನ ಹಸಿವು ಇಪ್ಪತ್ತು ವರ್ಷದ ಮೇಲೆ ಹುಟ್ಟಿದ ಮಗನಿಗೆ ಹೇಗೆ ತಲುಪುತ್ತದೆ ಅನ್ನುವುದು ಇದಕ್ಕಿಂತ ಬಹಳ ಕಷ್ಟದ ಪ್ರಶ್ನೆ.

ಕೆಂಪಕ್ಕಿ

ಅರ್ಥ ಆಯಿತು. ಈಗ ನನ್ನ ಸಿಟ್ಟನ್ನೂ ಕೇಳಿ.

ನನಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಒಂದು ನರ್ಸಿಂಗ್ ಹೋಮಿನಲ್ಲಿ ಥೈರಾಯ್ಡ್, ಸ್ಕ್ಯಾನಿಂಗ್, ಇನ್ನೂ ಏನೇನೋ ಮಾಡಿದರು, ಎಲ್ಲ ನನಗೇ. ಮನೆಯಲ್ಲಿ ಅತ್ತೆ ಕಷಾಯ ಕುಡಿಸಿದರು. ಪಪ್ಪಾಯಿ ತಿಂದಿದ್ದೀಯಾ, ಮೆಟ್ಟಿಲು ಹತ್ತಿದ್ದೀಯಾ, ಗ್ರಹಣ ನೋಡಿದ್ದೀಯಾ ಅಂತ ವಿಚಾರಣೆ. ನಮ್ಮವರು ಆಗ ದಿನಕ್ಕೆ ಒಂದು ಪ್ಯಾಕ್ ಸಿಗರೇಟ್, ಮೇಲೆ ಗುಟ್ಕಾ. ಅವರನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ. ಕೊನೆಗೆ ಬೇರೆ ಊರಿನ ಡಾಕ್ಟರೊಬ್ಬರು "ಯಜಮಾನರೂ ಒಳಗೆ ಬರಲಿ" ಅಂದಾಗ ಇವರು ಬೆವರಿದ್ದನ್ನು ನೋಡಬೇಕಿತ್ತು.

ಮೈಲುತುತ್ತ

ಅಕ್ಕ ಹೇಳಿದ್ದು ಸರಿ. ನಾವು ಅಡಿಕೆ ಬೆಳೆಗಾರರೂ ಅಷ್ಟೇ. ಬೀಜದ ಗೋಟು ಇಡುವಾಗ ತಾಯಿ ಮರವನ್ನು ಹತ್ತು ಸಲ ಸುತ್ತಿ ನೋಡುತ್ತೇವೆ. ವಯಸ್ಸೆಷ್ಟು, ಕೊನೆ ಎಷ್ಟು ಬಿಡುತ್ತದೆ, ಗೆಣ್ಣು ಹತ್ತಿರ ಇದೆಯಾ ಅಂತ. ಪರಾಗ ಯಾವ ಮರದಿಂದ ಗಾಳಿಗೆ ಹಾರಿ ಬಂತೋ, ಆ ಅಪ್ಪ ಮರವನ್ನು ಯಾರೂ ಕೇಳುವುದಿಲ್ಲ. ಗಿಡ ಚೆನ್ನಾಗಿ ಬರದಿದ್ದರೆ ಬೈಗುಳ ತಾಯಿ ಮರಕ್ಕೆ.

ಡಾಕ್ಟ್ರಮ್ಮ ತೀರ್ಥಹಳ್ಳಿ

ಕೆಂಪಕ್ಕಿ, ನಿಮಗಾದದ್ದು ಈಗಲೂ ದಿನಾ ನಡೆಯುತ್ತದೆ. ಗರ್ಭ ಪದೇ ಪದೇ ನಿಲ್ಲದಿರುವುದಕ್ಕೂ ವೀರ್ಯಾಣುವಿನ ಡಿಎನ್‌ಎ ಮುರಿದಿರುವುದಕ್ಕೂ ಸಂಬಂಧ ಇದೆ ಅನ್ನುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಸಿಗರೇಟು ಆ ಡಿಎನ್‌ಎಯನ್ನು ಕೆಡಿಸುವ ಕಾರಣಗಳಲ್ಲಿ ಒಂದು.

ಗಂಡಸರ ವಯಸ್ಸಿನ ಮಾತೂ ಇದೆ. ಐಸ್‌ಲೆಂಡಿನಲ್ಲಿ 2012ರಲ್ಲಿ ಲೆಕ್ಕ ಹಾಕಿದಾಗ 20 ವರ್ಷದ ಅಪ್ಪನಿಂದ ಮಗುವಿಗೆ ಸುಮಾರು 25 ಹೊಸ ಜೀನು ಬದಲಾವಣೆ ಹೋದರೆ 40 ವರ್ಷದ ಅಪ್ಪನಿಂದ ಸುಮಾರು 65. ವರ್ಷಕ್ಕೆ ಎರಡರಂತೆ ಏರುತ್ತದೆ. ಇದರಲ್ಲಿ ಬಹುತೇಕ ಏನೂ ತೊಂದರೆ ಮಾಡುವುದಿಲ್ಲ, ಹೆದರಬೇಡಿ. ಆದರೆ "ಗಂಡಸಿಗೆ ವಯಸ್ಸಿಲ್ಲ" ಅನ್ನುವ ಮಾತು ಸುಳ್ಳು.

ಹೊಳೆಬಾಗಿಲಿನವರೇ, ನಿಮಗೆ ಎರಡು ಪ್ರಶ್ನೆ. ಅಪ್ಪನಿಗೆ ಶುಗರ್ ಇಲ್ಲ ಅಂದಿರಲ್ಲ, ಯಾವಾಗಲಾದರೂ ಟೆಸ್ಟ್ ಮಾಡಿಸಿದ್ದೀರಾ, ಅಥವಾ ಸಪೂರ ಇದ್ದಾರೆ ಅಂತ ಅಂದಾಜಾ? ಇನ್ನೊಂದು, ಅಪ್ಪ ಕವಳ ಹಾಕುತ್ತಾರಾ?

ಹೊಳೆಬಾಗಿಲಿನವ

ಟೆಸ್ಟ್ ಮಾಡಿಸಿಲ್ಲ ಡಾಕ್ಟ್ರೇ. ಆಸ್ಪತ್ರೆ ಅಂದರೆ ಅಪ್ಪನಿಗೆ ಆಗುವುದಿಲ್ಲ.

ಕವಳ ಕೇಳಬೇಡಿ. ಸಂಚಿ ಇಲ್ಲದೆ ಅಂಗಳಕ್ಕೂ ಇಳಿಯುವುದಿಲ್ಲ. ಬಟ್ಟೆಯ ಸಂಚಿ, ಒಳಗೆ ನಾಲ್ಕು ಅರೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ ಮತ್ತು ಅಡಕತ್ತರಿ, ಒಂದರಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಹೊಗೆಸೊಪ್ಪು. ಎಲೆಯ ತೊಟ್ಟು ಚಿವುಟಿ, ಬೆನ್ನಿಗೆ ಸುಣ್ಣ ಸವರಿ, ಮಡಚಿ ದವಡೆಗೆ ಇಟ್ಟರೆ ಒಂದು ಗಂಟೆ ಮಾತಿಲ್ಲ. ಹುಡುಗನಿದ್ದಾಗಿನಿಂದ ಇದೆಯಂತೆ. ಇದಕ್ಕೂ ನನ್ನ ಶುಗರಿಗೂ ಏನು?

ಲ್ಯಾಬಿನ ಇಲಿ

ಡಾಕ್ಟ್ರಮ್ಮ ಎಲ್ಲಿಗೆ ಬರುತ್ತಿದ್ದಾರೆ ಅಂತ ಗೊತ್ತಾಯಿತು. ನಾನೇ ಹೇಳಬೇಕಾಗಿತ್ತು, ಇಲ್ಲಿರುವವರೆಲ್ಲ ಅಡಿಕೆಯವರು ಅಂತ ಸುಮ್ಮನಿದ್ದೆ.

1994ರಲ್ಲಿ ಲಂಡನ್ನಿನ ಬಾರ್ಬರಾ ಬೌಚರ್ ತಂಡ ಇಲಿಗಳ ಆಹಾರದಲ್ಲಿ ಕೆಲವೇ ದಿನ ಅಡಿಕೆ ಬೆರೆಸಿತು. ಕೆಲವು ಇಲಿಗಳಿಗೆ ಸಕ್ಕರೆ ಅರಗದ ತೊಂದರೆ ಬಂತು. ಅಡಿಕೆಯ ವಾಸನೆಯೂ ಗೊತ್ತಿಲ್ಲದ ಅವುಗಳ ಮಕ್ಕಳಲ್ಲಿ, ಮೊಮ್ಮಕ್ಕಳಲ್ಲೂ ಕೆಲವಕ್ಕೆ ಅದೇ ಕಂಡಿತು.

ಮುಂದೆ 2006ರಲ್ಲಿ ತೈವಾನಿನ ಕೀಲಂಗ್ ನಗರದಲ್ಲಿ ಮನುಷ್ಯರ ಮೇಲೇ ನೋಡಿದರು. ತಾವು ಕವಳ ಹಾಕದ ಮಕ್ಕಳು, ಆದರೆ ಅಪ್ಪ ಹಾಕುವವರು. ಅಂಥ ಮಕ್ಕಳಲ್ಲಿ ಹೊಟ್ಟೆಯ ಬೊಜ್ಜು, ಬಿಪಿ, ಸಕ್ಕರೆ, ಕೊಬ್ಬು ಒಟ್ಟಿಗೆ ಏರುವ ಮೆಟಬಾಲಿಕ್ ಸಿಂಡ್ರೋಮ್ ಬೇಗ ಬರುವ ಸಂಭವ ಜಾಸ್ತಿ ಇತ್ತು. ಅಪ್ಪ ಹೆಚ್ಚು ಹಾಕಿದಷ್ಟೂ, ಹೆಚ್ಚು ವರ್ಷ ಹಾಕಿದಷ್ಟೂ ಏರುತ್ತಿತ್ತು. ತೈವಾನಿನ ಕವಳದಲ್ಲಿ ಸಾಮಾನ್ಯವಾಗಿ ಹೊಗೆಸೊಪ್ಪು ಇರುವುದಿಲ್ಲ ಅನ್ನುವುದನ್ನು ನೆನಪಿಡಿ.

ಮೈಲುತುತ್ತ

ಬಂತಪ್ಪಾ! ಕೊನೆಗೆ ಅಡಿಕೆ ಮೇಲೆ ಗೂಬೆ ಕೂರಿಸದೆ ನಿಮಗೆ ಸಮಾಧಾನ ಇಲ್ಲ. ಎಲೆಚುಕ್ಕೆ ರೋಗದಲ್ಲಿ ತೋಟ ಬೋಳಾಗುತ್ತಿದೆ, ಕೊಳೆ ಔಷಧಿ ಹೊಡೆಯಲು ಆಳು ಸಿಗುವುದಿಲ್ಲ. ಈಗ ಶುಗರಿಗೂ ನಾವೇ ಕಾರಣ. ನಮ್ಮಜ್ಜ ತೊಂಬತ್ತರ ತನಕ ಕವಳ ಹಾಕಿದರು, ಹಲ್ಲಿಲ್ಲದ ಮೇಲೆ ಕುಟ್ಟಿಸಿಕೊಂಡು ಹಾಕಿದರು!

ಸಂಶಯಪ್ಪ

ಅಜ್ಜನ ಕಥೆ ಲೆಕ್ಕಕ್ಕೆ ಬರುವುದಿಲ್ಲ. ತೊಂಬತ್ತಕ್ಕೆ ಮೊದಲೇ ಹೋದವರು ಬಂದು ಕಥೆ ಹೇಳುವುದಿಲ್ಲವಲ್ಲ.

ಆದರೆ ಕೀಲಂಗ್ ಲೆಕ್ಕವನ್ನೂ ಹಾಗೇ ನುಂಗಬೇಡಿ. ಕವಳ ಹಾಕುವ ಅಪ್ಪಂದಿರು ಹೆಚ್ಚಾಗಿ ಕೂಲಿ, ಲಾರಿ ಕೆಲಸದವರಾಗಿದ್ದರೆ ಮನೆಯ ಊಟ, ಓದು, ದುಡ್ಡು ಎಲ್ಲ ಬೇರೆ ಆಗುತ್ತದೆ. ಅವನ್ನು ಲೆಕ್ಕದಲ್ಲಿ ಸರಿಹೊಂದಿಸಿದರೂ ಪೂರ್ತಿ ಹೋಗುವುದಿಲ್ಲ.

ಡಾಕ್ಟ್ರಮ್ಮ ತೀರ್ಥಹಳ್ಳಿ

ಒಪ್ಪಿದೆ. ಮಕ್ಕಳಿಗೆ ಹೋಗುತ್ತದೋ ಇಲ್ಲವೋ ಅನ್ನುವುದರಲ್ಲಿ ವಾದ ಇರಲಿ. ಹಾಕುವವರ ಬಾಯಿಗೆ ಏನಾಗುತ್ತದೆ ಅನ್ನುವುದರಲ್ಲಿ ವಾದ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೊಗೆಸೊಪ್ಪಿಲ್ಲದ ಕವಳವನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಮೈಲುತುತ್ತ ಅವರೇ, ನಮ್ಮ ಮನೆಯ ಅಕ್ಕಿ ಬೇಳೆಯೂ ಅಡಿಕೆಯ ದುಡ್ಡಿನದೇ. ಸಿಟ್ಟು ಅರ್ಥ ಆಗುತ್ತದೆ.

ಸಾಗರದ ಅಂಗಡಿ

ಕಾರಣ ಹಚ್ಚುವ ಅವಸರದ ಬಗ್ಗೆ ನಮ್ಮ ತಾಲೂಕಿನದೇ ಒಂದು ವಿಷಯ ಹೇಳಬೇಕು. ಹಂದಿಗೋಡು ಕಾಯಿಲೆ. ಸೊಂಟ, ಮಂಡಿ ಕೀಲು ಸವೆದು ನಡೆಯಲಾಗದಂತೆ ಮಾಡುವ ಕಾಯಿಲೆ, 1974-75ರ ಹೊತ್ತಿಗೆ ಬೆಳಕಿಗೆ ಬಂತು. ಔಷಧಿ ಹೊಡೆದ ಗದ್ದೆಯ ಏಡಿ, ಮೀನು ತಿಂದು ಬಂತು ಅಂತ ಆಗ ಹೇಳಿದರು. ನಂಬುವಂಥ ಮಾತೇ ಆಗಿತ್ತು, ಬಡವರು ಗದ್ದೆ ಏಡಿ ತಿನ್ನುತ್ತಿದ್ದರು. ಮುಂದೆ ಮನೆತನಗಳನ್ನು ಹಿಡಿದು ನೋಡಿದಾಗ ಅದು ಜೀನಿನಿಂದಲೇ ಬರುವುದು ಅಂತ ಕಂಡಿತು. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಹೊಟ್ಟೆಗೆ ಹೋದದ್ದು ಅಂದುಕೊಂಡಿದ್ದು ಬೀಜದಲ್ಲೇ ಇತ್ತು. ಇಲ್ಲಿ ನೀವೆಲ್ಲ ಬೀಜದಲ್ಲಿ ಹುಡುಕುತ್ತಿದ್ದೀರಿ, ಅದು ಹೊಟ್ಟೆಯಲ್ಲೇ ಇರಬಹುದು.

ಲ್ಯಾಬಿನ ಇಲಿ

ಈ ಉದಾಹರಣೆ ನಾನು ಕದಿಯುತ್ತೇನೆ ಸರ್. ನಮ್ಮ ಲ್ಯಾಬಿನಲ್ಲಿ ಹೇಳಬೇಕು.

ಗೋಡಾಕ್ಟರ್

ಪಶು ಆಸ್ಪತ್ರೆಯವನು ನಾನು. ನಮ್ಮಲ್ಲಿ ಹೋರಿಯ ವೀರ್ಯ ನೋಡದೆ ಕೃತಕ ಗರ್ಭಧಾರಣೆಯ ಕಡ್ಡಿ ತುಂಬುವುದೇ ಇಲ್ಲ. ಬೇಸಿಗೆಯ ಬಿಸಿಲಿಗೆ ಹೋರಿ ಬಳಲಿದರೆ ವೀರ್ಯ ಅಂದೇ ಕೆಡುವುದಿಲ್ಲ, ಕೆಲವು ವಾರ ಬಿಟ್ಟು ಕೆಡುತ್ತದೆ. ದನಕ್ಕೆ ಇರುವ ಈ ಕಾಳಜಿ ಮನುಷ್ಯರಿಗೆ ಇಲ್ಲ ನೋಡಿ.

ಹೊಸನಗರ ಹುಡುಗ

ಮೊನ್ನೆ ಮದುವೆ ಆದವನ ಪ್ರಶ್ನೆ. ಒಂದು ಸಂತಾನ ಕೇಂದ್ರದವರು "ವೀರ್ಯದ ಎಪಿಜೆನೆಟಿಕ್ ಶುದ್ಧಿ" ಅಂತ ಪ್ಯಾಕೇಜ್ ಮಾಡಿದ್ದಾರೆ. ಪುಡಿ, ಮಾತ್ರೆ, ಒಂದು ಟೆಸ್ಟ್. ಹುಟ್ಟುವ ಮಗುವಿಗೆ ಶುಗರ್ ಬರದಂತೆ ಮೊದಲೇ ತಡೆಯುತ್ತೇವೆ ಅನ್ನುತ್ತಾರೆ. ಮಾಡಿಸಬಹುದಾ? ನನಗೆ ಸ್ವಲ್ಪ ಹೊಟ್ಟೆ ಇದೆ, ದಿನಾ ಕೆಲವು ಸಿಗರೇಟು.

ಡಾಕ್ಟ್ರಮ್ಮ ತೀರ್ಥಹಳ್ಳಿ

ಬೇಡ. ವೀರ್ಯದ ಗುರುತು ನೋಡಿ ಮಗುವಿಗೆ ಶುಗರ್ ಬರುತ್ತದೆ, ಬರುವುದಿಲ್ಲ ಅಂತ ಹೇಳುವ ವಿದ್ಯೆ ಇನ್ನೂ ಯಾರ ಕೈಯಲ್ಲೂ ಇಲ್ಲ. ಅದನ್ನು ತೊಳೆಯುವ ಪುಡಿಯೂ ಇಲ್ಲ. ಆ ದುಡ್ಡು ಉಳಿಸಿ.

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಮೇಲಿಂದ ಕೊಳವೆಯಲ್ಲಿ ಪಳಗುವ ದಿನಗಳು. ಒಟ್ಟು ಮೂರು ತಿಂಗಳು ಅಂತ ಇಟ್ಟುಕೊಳ್ಳಿ. ಇವತ್ತು ಸಿಗರೇಟು ಬಿಟ್ಟರೆ ಮೂರು ತಿಂಗಳ ಮೇಲೆ ಇರುವುದು ಹೊಸ ಬೆಳೆ. ಕೋಪನ್‌ಹೇಗನ್ನಿನಲ್ಲಿ ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಆರು ಗಂಡಸರ ವೀರ್ಯವನ್ನು ಮೊದಲು, ಒಂದು ವಾರ ಬಿಟ್ಟು, ಒಂದು ವರ್ಷ ಬಿಟ್ಟು ನೋಡಿದರು. ಮಿಥೈಲ್ ಗುರುತುಗಳು ಗಮನಕ್ಕೆ ಬರುವಷ್ಟು ಬದಲಾಗಿದ್ದವು. ಆರೇ ಜನ, ನಿಜ. ಆದರೆ ಆ ಗುರುತು ಕಲ್ಲಿನ ಮೇಲೆ ಕೆತ್ತಿದ್ದಲ್ಲ ಅನ್ನುವುದಕ್ಕೆ ಅಷ್ಟು ಸಾಕು.

ಬಿಸಿ ಹಂಡೆ ನೀರಿನ ಸ್ನಾನ ಗಂಟೆಗಟ್ಟಲೆ ಬೇಡ. ಔಷಧಿ ಹೊಡೆಯುವಾಗ ಕೈಗವಸು, ಮಾಸ್ಕ್ ಹಾಕಿ. ಗುಟ್ಕಾ ಮುಟ್ಟಬೇಡಿ.

ಮೈಲುತುತ್ತ

ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣಕ್ಕೂ ಇದೆಲ್ಲ ಬೇಕಾ ಡಾಕ್ಟ್ರೇ? ನಾವು ಲುಂಗಿ ಕಟ್ಟಿಕೊಂಡು ಹೊಡೆಯುವವರು.

ಡಾಕ್ಟ್ರಮ್ಮ ತೀರ್ಥಹಳ್ಳಿ

ಬೇಕು. ಹೊಲ ತೋಟದ ರಾಸಾಯನಿಕ ಗಂಡಸರ ಬೀಜವನ್ನೇ ಹೊಡೆದ ಉದಾಹರಣೆ ಇದೆ. ಡಿಬಿಸಿಪಿ ಅನ್ನುವ, ಮಣ್ಣಿನ ಜಂತುಹುಳ ಕೊಲ್ಲುವ ಔಷಧಿ ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಮಕ್ಕಳೇ ಆಗುತ್ತಿಲ್ಲ ಅನ್ನುವುದು 1977ರಲ್ಲಿ ಗೊತ್ತಾಯಿತು. ಕೋಸ್ಟರಿಕಾದ ಬಾಳೆ ತೋಟದ ಕೂಲಿಗಳಿಗೂ ಅದೇ ಗತಿ. ಮೈಲುತುತ್ತ ಅಷ್ಟು ಕೆಟ್ಟದಲ್ಲ. ಆದರೆ ನೀವು ತೋಟಕ್ಕೆ ಹೊಡೆಯುವುದು ಅದೊಂದನ್ನೇ ಅಲ್ಲವಲ್ಲ.

ಹೊಳೆಬಾಗಿಲಿನವ

ಒಂದು ವಾರ ಈ ಕಡೆ ಬರಲು ಆಗಲಿಲ್ಲ. ಅಪ್ಪನನ್ನು ಒಪ್ಪಿಸಿ ಟೆಸ್ಟ್ ಮಾಡಿಸಿದೆ. ಮೂರು ತಿಂಗಳ ಸರಾಸರಿ ಶುಗರ್ 7.9. ಅವರಿಗೂ ಇದೆ, ಎಷ್ಟು ವರ್ಷದಿಂದ ಅಂತ ದೇವರಿಗೇ ಗೊತ್ತು.

ದಾರಿಯಲ್ಲಿ ಬಸ್ಸಿನಲ್ಲಿ ಕೇಳಿದೆ, ಕವಳ ಯಾವಾಗ ಶುರು ಮಾಡಿದ್ದು ಅಂತ. ಲಾರಿಯಿಂದ ಇಳಿಸಿದ ಆ ವರ್ಷವೇ ಅಂದರು. "ಮಧ್ಯಾಹ್ನ ಗಂಜಿ ಇಲ್ಲದಿದ್ದರೆ ದೊಡ್ಡವರು ಒಂದು ಚೂರು ಅಡಿಕೆ ಕೊಡುತ್ತಿದ್ದರು. ಬಾಯಿ ಆಡುತ್ತಿದ್ದರೆ ಹಸಿವು ಗೊತ್ತಾಗುವುದಿಲ್ಲ" ಅಂದರು.

ಸಂಶಯಪ್ಪ

ಹಾಗಾದರೆ ಕೇಸ್ ಮುಗಿಯಿತು. ಅಪ್ಪನಿಗೆ ಶುಗರ್, ಮಗನಿಗೆ ಶುಗರ್. ಎಲ್ಲರಿಗೂ ಗೊತ್ತಿರುವ ಸಾದಾ ವಂಶವಾಹಿ, ಜೊತೆಗೆ ಕಡುಬು.

ಲ್ಯಾಬಿನ ಇಲಿ

ಮುಗಿಯಲಿಲ್ಲ ಸರ್, ಅಪ್ಪನಿಗೆ ಯಾಕೆ ಬಂತು ಅನ್ನುವುದು ಉಳಿಯಿತು. ಚಿಕ್ಕಂದಿನ ಹಸಿವಾ, ಅರವತ್ತು ವರ್ಷದ ಅಡಿಕೆಯಾ, ಜೀನಾ? ಅಜ್ಜ ಅಜ್ಜಿಗೂ ಯಾರು ಟೆಸ್ಟ್ ಮಾಡಿದ್ದರು? ಈ ಒಂದು ಮನೆಯಲ್ಲಿ ಹಸಿವು ಮತ್ತು ಅಡಿಕೆ ಒಂದೇ ದಿನ ಬಾಯಿಗೆ ಬಂದಿವೆ. ಅವನ್ನು ಬಿಡಿಸಲು ಇಂಥ ನೂರಾರು ಮನೆ ಬೇಕು. ಮುಳುಗಡೆ ಆದ ಕುಟುಂಬಗಳನ್ನೂ, ಅದೇ ಸೀಮೆಯಲ್ಲಿ ಮುಳುಗದೆ ಉಳಿದ ಕುಟುಂಬಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಎಂಥ ಅಧ್ಯಯನ ಆಗುತ್ತದೆ ಯೋಚಿಸಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆ ಇತ್ತು ಅಂತಲೇ ಹುಟ್ಟಿದಾಗಿನ ತೂಕಕ್ಕೂ ಮುಂದಿನ ಹೃದಯದ ಕಾಯಿಲೆ, ಶುಗರಿಗೂ ಏನು ಸಂಬಂಧ ಅಂತ ಅಲ್ಲಿ ನೋಡಲು ಸಾಧ್ಯ ಆಯಿತು. ಅದೂ ತಾಯಿಯ ಕಡೆಯಿಂದಲೇ ಶುರು, ಕೆಂಪಕ್ಕಿ ಅಕ್ಕ ಮತ್ತೆ ಬೈಯುತ್ತಾರೆ.

ಕೆಂಪಕ್ಕಿ

ಬೈಯದೆ ಬಿಡುತ್ತೇನಾ. ಅಪ್ಪಂದಿರ ದಾಖಲೆ ಬರೆದಿಡುವ ಆಸ್ಪತ್ರೆ ಒಂದನ್ನು ತೋರಿಸಿ.

ಹೊಳೆಬಾಗಿಲಿನವ

ಅಪ್ಪ ಮಾತ್ರೆ ಶುರು ಮಾಡಿದ್ದಾರೆ. ಕಾಫಿಗೆ ಬೆಲ್ಲ ಬಿಟ್ಟರು, ರಾತ್ರಿ ಅನ್ನದ ಬದಲು ರೊಟ್ಟಿ ಆಯಿತು. ಕವಳದ ಮಾತು ಎತ್ತಿದರೆ ಮಾತ್ರ ಎದ್ದು ತೋಟಕ್ಕೆ ಹೋಗುತ್ತಾರೆ. ಡಾಕ್ಟ್ರೇ, ಈ ವಯಸ್ಸಿನಲ್ಲಿ ಬಿಡಿಸಿ ಏನು ಪ್ರಯೋಜನ ಅಂತ ತಮ್ಮ ಕೇಳುತ್ತಾನೆ.

ಡಾಕ್ಟ್ರಮ್ಮ ತೀರ್ಥಹಳ್ಳಿ

ಪ್ರಯೋಜನ ಇದೆ. ಹೊಗೆಸೊಪ್ಪನ್ನು ಮೊದಲು ತೆಗೆಸಿ, ಅಡಿಕೆ ಆಮೇಲೆ ಒಂದೊಂದೇ ಹೊತ್ತು ಕಡಿಮೆ ಮಾಡಿಸಿ. ರಾತ್ರಿ ದವಡೆಯಲ್ಲಿ ಇಟ್ಟುಕೊಂಡು ಮಲಗುವ ಅಭ್ಯಾಸ ಇದ್ದರೆ ಅದು ಇವತ್ತೇ ನಿಲ್ಲಲಿ. ಇನ್ನೊಂದು ಕೆಲಸ ಮಾಡಿ. ಅಪ್ಪನಿಗೆ ಬಾಯಿ ತೆರೆದು ತಮ್ಮದೇ ಮೂರು ಬೆರಳು ಒಂದರ ಮೇಲೆ ಒಂದು ನಿಲ್ಲಿಸಿ ಇಡಲು ಹೇಳಿ. ಮೂರು ಹಿಡಿಯದಿದ್ದರೆ, ಖಾರ ತಿಂದರೆ ಉರಿ ಅನ್ನುತ್ತಿದ್ದರೆ, ಕೆನ್ನೆಯ ಒಳಗೆ ಬಿಳಿ ಪಟ್ಟೆಯೋ ಒಣಗದ ಹುಣ್ಣೋ ಕಂಡರೆ ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಹಲ್ಲಿನ ಡಾಕ್ಟರಿಗೂ ತೋರಿಸಿ ಬನ್ನಿ.